‘ಫ್ರೀ’ ಕಮಾಂಡಿನ ಎರಡನೆಯ ಸಾಲು: ಲಿನಕ್ಸ್ ಮೆಮೊರಿ ಲೆಕ್ಕದ ಮರುಪರಿಶೀಲನೆ

ಲಿನಕ್ಸ್ ಸರ್ವರ್ ನಿಧಾನವಾದಾಗ ಕ್ಯಾಶ್ ಮೇಲೆ ಅನುಮಾನಪಡುವವರನ್ನು ತಿಳಿವಳಿಕೆ ಇಲ್ಲದವರೆಂದು ತಳ್ಳಿಹಾಕುವುದು ಈ ವಿಷಯದ ಬರಹಗಳಲ್ಲಿ ರೂಢಿಯಾಗಿದೆ. ಡಿಸ್ಕಿನಿಂದ ಓದಿದ್ದನ್ನು ಕರ್ನಲ್ ಬಿಡುವಾಗಿರುವ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಕೇಳಿದರೆ ಬಿಟ್ಟುಕೊಡುತ್ತದೆ. ಆದ್ದರಿಂದ ಕ್ಯಾಶ್ ಎಂದು ತೋರುವುದೆಲ್ಲ ಖಾಲಿ ಇದ್ದಂತೆಯೇ. ಈ ಮೂರು ಮಾತುಗಳನ್ನು ಒಬ್ಬರಿಂದೊಬ್ಬರು ಎತ್ತಿಕೊಂಡು ಬರೆಯುತ್ತ ಬಂದಿದ್ದಾರೆ. ಮೊದಲ ಎರಡು ಬಹುಪಾಲು ನಿಜ. ಮೂರನೆಯದು ಅವುಗಳಿಂದ ಸಿದ್ಧವಾಗುವುದಿಲ್ಲ. ಅದು ಸಿದ್ಧವಾದಂತೆ ಕಾಣಲು ‘ಫ್ರೀ’ ಕಮಾಂಡ್ ವರ್ಷಗಟ್ಟಲೆ ಮುದ್ರಿಸಿದ ಎರಡನೆಯ ಸಾಲೇ ಕಾರಣ ಎಂಬುದು ನನ್ನ ವಾದ.

ಆ ಸಾಲು ಮಾಡುತ್ತಿದ್ದುದು ಸರಳ ಕೂಡು-ಕಳೆ. ಬಳಕೆಯಲ್ಲಿರುವ ಮೆಮೊರಿಯಿಂದ ಬಫರ್ ಮತ್ತು ಕ್ಯಾಶ್ಡ್ ಮೊತ್ತಗಳನ್ನು ಕಳೆದು, ಖಾಲಿಯ ಲೆಕ್ಕಕ್ಕೆ ಅವನ್ನು ಸೇರಿಸುತ್ತಿತ್ತು. ಕ್ಯಾಶ್ಡ್ ಮೊತ್ತದೊಳಗೆ ಏನೇನಿದೆ ಎಂದು ಅದು ನೋಡುತ್ತಿರಲಿಲ್ಲ. ಡಿಸ್ಕಿನಲ್ಲಿ ಮೂಲಪ್ರತಿ ಇರುವ ಕಡತದ ಪುಟಗಳ ಜೊತೆಗೆ ಮೆಮೊರಿಯಲ್ಲೇ ಇರುವ ಕಡತವ್ಯವಸ್ಥೆಯಾದ ಟಿಎಂಪಿಎಫ್‌ಎಸ್‌ನ ಕಡತಗಳೂ ಹಲವು ಪ್ರೋಗ್ರಾಂಗಳು ಹಂಚಿಕೊಂಡ ಮೆಮೊರಿಯೂ ಅದೇ ಮೊತ್ತಕ್ಕೆ ಸೇರುತ್ತವೆ. ಈ ಎರಡಕ್ಕೆ ಡಿಸ್ಕಿನಲ್ಲಿ ಮೂಲಪ್ರತಿ ಇಲ್ಲ. ಅವುಗಳ ಜಾಗ ಬೇಕೆಂದರೆ ಸ್ವಾಪ್‌ಗೆ ಬರೆಯಬೇಕು. ಸ್ವಾಪ್ ಇಲ್ಲದಿದ್ದರೆ ಆ ದಾರಿಯೂ ಇಲ್ಲ.

ಇದು ಸಣ್ಣ ಬಾಬ್ತಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಬಫರುಗಳನ್ನು ಹಂಚಿಕೆಯ ಮೆಮೊರಿಯಲ್ಲಿಯೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಮೆಮೊರಿಯ ಶೇ. 25ರಷ್ಟನ್ನು ಕೊಟ್ಟು ಆರಂಭಿಸಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. 16 ಜಿಬಿಯ ಸರ್ವರ್ ಒಂದನ್ನು ಊಹಿಸಿಕೊಳ್ಳೋಣ: ಖಾಲಿ 1 ಜಿಬಿ, ಕ್ಯಾಶ್ಡ್ 9 ಜಿಬಿ, ಆ 9ರಲ್ಲಿ 4 ಜಿಬಿ ಡೇಟಾಬೇಸಿನ ಬಫರು. ಎರಡನೆಯ ಸಾಲು 10 ಜಿಬಿ ಸಿಗುತ್ತದೆ ಎನ್ನುತ್ತದೆ. ಅದನ್ನು ನಂಬಿ 8 ಜಿಬಿ ಬೇಡುವ ಕೆಲಸವೊಂದನ್ನು ಹಚ್ಚಿದರೆ ಕರ್ನಲ್ ಡೇಟಾಬೇಸಿನ ಬಫರುಗಳನ್ನೇ ಸ್ವಾಪ್‌ಗೆ ತಳ್ಳತೊಡಗುತ್ತದೆ. ಆಗ ಕ್ಯಾಶ್ ಮೇಲೆ ಬೊಟ್ಟು ಮಾಡಿದ ನಿರ್ವಾಹಕನ ಅನುಮಾನ ತಪ್ಪಾಗಿರಲಿಲ್ಲ. ಅವನ ಕೈಗೆ ಕೊಟ್ಟ ಲೆಕ್ಕ ತಪ್ಪಾಗಿತ್ತು. (ಬಫರುಗಳಿಗಾಗಿ ದೊಡ್ಡ ಪುಟಗಳನ್ನು ಮೊದಲೇ ಕಾಯ್ದಿರಿಸಿದ್ದರೆ ಅವು ಕ್ಯಾಶ್ಡ್ ಮೊತ್ತದ ಹೊರಗೆ ಉಳಿಯುತ್ತವೆ. ಅಂಥ ಸರ್ವರ್‌ಗಳನ್ನು ಮುಂದಿಟ್ಟುಕೊಂಡು ಹಳೆಯ ಲೆಕ್ಕವನ್ನು ಸಮರ್ಥಿಸುವುದು ವಾದವನ್ನು ತಪ್ಪಿಸಿಕೊಳ್ಳುವುದಷ್ಟೇ.)

ಹಿಂದಿನವರು ಕಡೆಗಣಿಸಿದ ಆಧಾರ 2014ರದು. ಲಿನಕ್ಸ್ 3.14ರಲ್ಲಿ ರಿಕ್ ವಾನ್ ರೀಲ್ ‘ಮೆಮ್‌ಅವೈಲಬಲ್’ ಎಂಬ ಹೊಸ ಅಂಕಿಯನ್ನು ಸೇರಿಸಿದರು. ಖಾಲಿಗೆ ಕ್ಯಾಶ್ಡ್ ಕೂಡಿಸುವ ಪದ್ಧತಿ ತಪ್ಪು ಉತ್ತರ ಕೊಡುತ್ತದೆಂದು, ಹಂಚಿಕೆಯ ಮೆಮೊರಿ ಮತ್ತು ಟಿಎಂಪಿಎಫ್‌ಎಸ್ ಅನ್ನೇ ಹೆಸರಿಸಿ, ಆ ಬದಲಾವಣೆಯ ಟಿಪ್ಪಣಿ ವಿವರಿಸುತ್ತದೆ. ಟಿಪ್ಪಣಿಗಿಂತ ಅದರ ಕೆಳಗಿನ ಲೆಕ್ಕ ಹೆಚ್ಚು ಹೇಳುತ್ತದೆ. ಹೊಸ ಅಂಕಿ ಕ್ಯಾಶ್ಡ್ ಮೊತ್ತವನ್ನು ಮುಟ್ಟುವುದೇ ಇಲ್ಲ. ಪೇಜ್ ಕ್ಯಾಶ್‌ನಿಂದ ಕಡತದ ಪುಟಗಳ ಪಟ್ಟಿಗಳನ್ನು ಮಾತ್ರ ಎಣಿಸುತ್ತದೆ. ಆ ಪುಟಗಳನ್ನೂ ಪೂರ್ತಿ ಎಣಿಸುವುದಿಲ್ಲ. ಅವುಗಳ ಅರ್ಧ ಅಥವಾ ಕರ್ನಲ್ ಕಾಯ್ದುಕೊಳ್ಳುವ ಕೆಳಮಿತಿ, ಇವೆರಡರಲ್ಲಿ ಕಡಿಮೆಯಾದುದನ್ನು ಕಳೆಯುತ್ತದೆ. ವ್ಯವಸ್ಥೆ ನೆಟ್ಟಗೆ ನಡೆಯಲು ಒಂದಿಷ್ಟು ಕ್ಯಾಶ್ ಉಳಿಯಲೇಬೇಕು ಎಂಬುದನ್ನು ಕರ್ನಲ್ ಬರೆದವರೇ ಒಪ್ಪಿಕೊಂಡು ಕೋಡಿನಲ್ಲಿ ಬರೆದಿಟ್ಟಿದ್ದಾರೆ. ‘ಕ್ಯಾಶ್ ಎಲ್ಲವೂ ಖಾಲಿ’ ಎಂದು ಈಗಲೂ ಬರೆಯುವವರು ಈ ಕೆಲವೇ ಸಾಲುಗಳನ್ನು ಓದಿಲ್ಲವೆಂದೇ ನಾನು ತಿಳಿಯಬೇಕಾಗಿದೆ.

ವಾನ್ ರೀಲ್ ಅವರ ಟಿಪ್ಪಣಿಯಲ್ಲೂ ನಾನು ಒಪ್ಪದ ಮಾತೊಂದಿದೆ. ಹಳೆಯ ಲೆಕ್ಕ ಹತ್ತು ವರ್ಷಗಳ ಹಿಂದೆ ಸರಿಯಾಗಿಯೇ ಇತ್ತೆಂದು ಅವರು ಉದಾರವಾಗಿ ಒಪ್ಪಿಬಿಡುತ್ತಾರೆ. 2001ರಲ್ಲಿ ಬಂದ 2.4 ಕರ್ನಲ್‌ನಲ್ಲಿಯೇ ಟಿಎಂಪಿಎಫ್‌ಎಸ್ ಮತ್ತು ಹಂಚಿಕೆಯ ಮೆಮೊರಿ ಪೇಜ್ ಕ್ಯಾಶ್‌ನೊಳಗೆ ಸೇರಿದ್ದವು. ತಪ್ಪು ಆಗಲೂ ಇತ್ತು. ಅವುಗಳ ಪಾಲು ಸಣ್ಣದಿದ್ದಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ. 2.6.32ರಿಂದ, ಅಂದರೆ 2009ರಿಂದ, ಹಂಚಿಕೆಯ ಮೆಮೊರಿಯ ಮೊತ್ತವನ್ನು ಕರ್ನಲ್ ಪ್ರತ್ಯೇಕ ಸಾಲಿನಲ್ಲಿ ಕೊಡುತ್ತಿತ್ತು. ಕಳೆಯಬೇಕೆಂದವರು ಅಂದೇ ಕಳೆಯಬಹುದಿತ್ತು. ‘ಫ್ರೀ’ ಆ ಎರಡನೆಯ ಸಾಲನ್ನು ಕೈಬಿಟ್ಟು ಹೊಸ ಕಾಲಂ ತೋರಿಸಿದ್ದು 2014ರಲ್ಲಿ.

ಕ್ಯಾಶ್ ಅನ್ನೇ ತೆರವು ಮಾಡಹೊರಡುವ ಎದುರು ಪಕ್ಷದವರ ತಪ್ಪು ಇನ್ನೊಂದು ಬಗೆಯದು. 2006ರ 2.6.16ರಲ್ಲಿ ಕ್ಯಾಶ್ ತೆರವುಗೊಳಿಸುವ ‘ಡ್ರಾಪ್ ಕ್ಯಾಶಸ್’ ಸಾಧನ ಬಂತು. ಅದಕ್ಕೆ 3 ಎಂದು ಬರೆದರೆ ಪೇಜ್ ಕ್ಯಾಶ್ ಜೊತೆಗೆ ಕಡತಹೆಸರುಗಳ, ಐನೋಡ್‌ಗಳ ಕ್ಯಾಶ್ ಕೂಡ ತೆರವಾಗುತ್ತದೆ. ಪರೀಕ್ಷೆಗಲ್ಲದೆ ಬಳಸಬೇಡಿ ಎಂದು ಕರ್ನಲ್ ದಸ್ತಾವೇಜು ಎಚ್ಚರಿಸಿದರೂ ಇದನ್ನು ಕ್ರಾನ್‌ಗೆ ಹಾಕಿ ಗಂಟೆಗೊಮ್ಮೆ ಓಡಿಸುವವರಿದ್ದಾರೆ. ಅವರು ತೆಗೆಯುತ್ತಿರುವುದು ಕರ್ನಲ್ ತಾನೇ ಸುಲಭವಾಗಿ ಬಿಟ್ಟುಕೊಡುತ್ತಿದ್ದ ಪುಟಗಳನ್ನು. ಅವೆಲ್ಲ ಮತ್ತೆ ಡಿಸ್ಕಿನಿಂದ ಬರಬೇಕು. ಆದರೂ ಈ ಸಾಧನದಿಂದ ನನ್ನ ವಾದಕ್ಕೆ ಪುರಾವೆಯೊಂದು ಸಿಗುತ್ತದೆ. ಮೊದಲು ‘ಸಿಂಕ್’ ಮಾಡಿ ಬಳಿಕ ಅದನ್ನು ಓಡಿಸಿದರೂ ಕ್ಯಾಶ್ಡ್ ಮೊತ್ತ ಸೊನ್ನೆಗೆ ಇಳಿಯುವುದಿಲ್ಲ. ಉಳಿಯುವುದರಲ್ಲಿ ಪ್ರೋಗ್ರಾಂಗಳು ತಮ್ಮ ವಿಳಾಸಕ್ಕೆ ಜೋಡಿಸಿಕೊಂಡ ಕಡತದ ಪುಟಗಳು ಒಂದು ಭಾಗ. ಹಂಚಿಕೆಯ ಮೆಮೊರಿ ಮತ್ತು ಟಿಎಂಪಿಎಫ್‌ಎಸ್ ಇನ್ನೊಂದು. ಎರಡನೆಯ ಸಾಲು ಖಾಲಿಗೆ ಕೂಡಿಸುತ್ತಿದ್ದುದು ಇವನ್ನೂ ಸೇರಿಸಿಯೇ.

ನಿಧಾನಗತಿಯ ಮೂಲ ಹುಡುಕುವವರಿಗೆ ಎಷ್ಟು ಖಾಲಿ ಇದೆ ಎಂಬ ಪ್ರಶ್ನೆಯೇ ಸಾಲದು ಎಂಬುದನ್ನು ಪೀಟರ್ ಡೆನ್ನಿಂಗ್ 1968ರಲ್ಲಿಯೇ ತೋರಿಸಿದ್ದರು. ಇತ್ತೀಚೆಗೆ ಮುಟ್ಟಿದ ಪುಟಗಳ ಗುಂಪು ಮೆಮೊರಿಯಲ್ಲಿ ಹಿಡಿಸದಿದ್ದರೆ ಪ್ರೋಗ್ರಾಂಗಳು ಒಂದರ ಪುಟ ಒಂದು ಕಸಿಯುತ್ತ ಹೋಗುತ್ತವೆ, ಪ್ರೊಸೆಸರ್ ಕಾಯುತ್ತ ಕೂರುತ್ತದೆ. ಲಿನಕ್ಸ್ ತನ್ನ ಪೇಜ್ ಕ್ಯಾಶ್‌ನಲ್ಲಿ ಈ ಕಸಿದಾಟವನ್ನು ಎಣಿಸತೊಡಗಿದ್ದು 2014ರ 3.15ರಲ್ಲಿ, ಯೊಹಾನೆಸ್ ವೈನರ್ ಅವರ ಬದಲಾವಣೆಯಿಂದ. ಹೊರಹಾಕಿದ ಪುಟದ ಗುರುತನ್ನು ಕರ್ನಲ್ ಇಟ್ಟುಕೊಳ್ಳುತ್ತದೆ. ಆ ಪುಟ ಮರಳಿ ಬಂದರೆ ‘ರಿಫಾಲ್ಟ್’ ಎಂದು ಎಣಿಸುತ್ತದೆ. ವೈನರ್ ಅವರದೇ ಆದ ಪಿಎಸ್‌ಐ 2018ರ 4.20ರಲ್ಲಿ ಬಂತು, ಮೆಮೊರಿಗಾಗಿ ಕೆಲಸಗಳು ಕಾದ ಸಮಯವನ್ನೇ ಅದು ಅಳೆಯುತ್ತದೆ. ಕ್ಯಾಶ್ಡ್ 9 ಜಿಬಿ ಇದ್ದು ರಿಫಾಲ್ಟ್ ಏರುತ್ತಿದ್ದರೆ ಆ ಕ್ಯಾಶ್ ಕೆಲಸಕ್ಕೆ ಸಾಲುತ್ತಿಲ್ಲ. ಖಾಲಿ ಬರೀ 200 ಎಂಬಿ ಇದ್ದು ರಿಫಾಲ್ಟೂ ಸ್ವಾಪ್ ಓಡಾಟವೂ ಇಲ್ಲದಿದ್ದರೆ ದೋಷವನ್ನು ಮೆಮೊರಿಯ ಆಚೆ ಹುಡುಕಬೇಕು.