ಶಸ್ತ್ರಕ್ಕೆ ಮುಂಚಿನ ದಿನಗಳು

ಸುಶ್ರುತಸಂಹಿತೆಯ ಸೂತ್ರಸ್ಥಾನವು ಶಸ್ತ್ರಚಿಕಿತ್ಸೆಯ ಕೆಲಸವನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರು ಪಾಲು ಮಾಡುತ್ತದೆ. ಶಸ್ತ್ರ ಹಿಡಿಯುವುದು ನಡುವಿನ ಪಾಲು ಮಾತ್ರ. ಅದಕ್ಕೆ ಮೊದಲು ರೋಗಿಯ ಮೈಯನ್ನು ಹದಗೊಳಿಸಬೇಕು ಎಂಬುದು ಅಷ್ಟು ಹಿಂದೆಯೇ ನಿಯಮವಾಗಿತ್ತು. ಹದ ಎಂದರೆ ಏನು ಎಂಬ ಪ್ರಶ್ನೆಗೆ ಮಾತ್ರ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಬಂದಿದೆ. ಬಹುಕಾಲ ಅದರ ಅರ್ಥ ಮೈಯನ್ನು ಖಾಲಿ ಮಾಡುವುದು ಮತ್ತು ಮಲಗಿಸುವುದು. ಈಗ ಅದರ ಅರ್ಥ ಉಣಿಸುವುದು ಮತ್ತು ನಡೆಸುವುದು. ಈ ತಿರುವಿನ ಹೆಚ್ಚಿನ ಭಾಗ ನಡೆದದ್ದು ಕಳೆದ ನೂರು ವರ್ಷಗಳಲ್ಲಿ.

ಸುಶ್ರುತನಲ್ಲಿ ಎರಡೂ ಇವೆ. ಶಸ್ತ್ರಕ್ಕೆ ಮುಂಚೆ ರೋಗಿಗೆ ಇಷ್ಟವಾದ ಊಟ ಕೊಡಬೇಕು, ಕುಡಿದು ರೂಢಿಯಿದ್ದವನು ನೋವು ತಾಳಲಾರದವನಾದರೆ ತೀಕ್ಷ್ಣವಾದ ಮದ್ಯ ಕೊಡಬೇಕು ಎನ್ನುತ್ತದೆ ಸಂಹಿತೆ. ಉಂಡವನು ಮೂರ್ಛೆ ಹೋಗುವುದಿಲ್ಲ, ಮತ್ತೇರಿದವನಿಗೆ ಶಸ್ತ್ರದ ಅರಿವಾಗುವುದಿಲ್ಲ ಎಂಬುದು ಕಾರಣ. ಮೂಢಗರ್ಭ, ಉದರ, ಮೂಲವ್ಯಾಧಿ, ಮೂತ್ರಾಶಯದ ಕಲ್ಲು, ಭಗಂದರ, ಬಾಯಿಯ ರೋಗ ಇವುಗಳಲ್ಲಿ ಮಾತ್ರ ಹಸಿದ ಹೊಟ್ಟೆ ಬೇಕು. ಕಲ್ಲು ತೆಗೆಯುವ ವಿಧಾನವನ್ನು ವಿವರಿಸುವ ಅಧ್ಯಾಯದಲ್ಲಿ ಇನ್ನೊಂದು ಬಗೆಯ ಸಿದ್ಧತೆ ಕಾಣುತ್ತದೆ: ರೋಗಿಗೆ ಸ್ನೇಹನ ಮಾಡಿ, ದೋಷಗಳನ್ನು ಹೊರಹಾಕಿಸಿ, ತುಸು ಸೊರಗಿಸಿ, ಮೈಗೆ ಎಣ್ಣೆ ಹಚ್ಚಿ ಬೆವರಿಳಿಸಬೇಕು. ಆ ‘ತುಸು ಸೊರಗಿಸಿ’ ಎಂಬುದನ್ನು ಗಮನಿಸಬೇಕು. ಮುಂದೆ ಯುರೋಪಿನಲ್ಲಿ ಇದೇ ಭಾವನೆ ಬೇರೆ ವೇಷದಲ್ಲಿ ಎದುರಾಗುತ್ತದೆ.

ಹದಿನೇಳು, ಹದಿನೆಂಟನೆಯ ಶತಮಾನಗಳ ಯುರೋಪಿನಲ್ಲೂ ಕಲ್ಲು ತೆಗೆಯುವುದು ದೊಡ್ಡ ಶಸ್ತ್ರಚಿಕಿತ್ಸೆಯೇ ಆಗಿತ್ತು. ದಿನಚರಿಕಾರ ಸ್ಯಾಮುಯೆಲ್ ಪೀಪ್ಸ್ 1658ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಅದಕ್ಕೆ ಮೈಯೊಡ್ಡಿ ಬದುಕುಳಿದ, ಆಮೇಲೆ ಪ್ರತಿ ವರ್ಷ ಆ ದಿನವನ್ನು ನೆನೆದು ಔತಣ ಮಾಡುತ್ತಿದ್ದ. ಮುಂದಿನ ಶತಮಾನದ ವಿಲಿಯಂ ಚೆಸೆಲ್ಡನ್ ಒಂದು ನಿಮಿಷದೊಳಗೆ ಕಲ್ಲು ಹೊರತೆಗೆಯುವುದರಲ್ಲಿ ಹೆಸರಾದ. ಕೈಚಳಕ ಎಷ್ಟೇ ಇದ್ದರೂ ಮುಂಚಿನ ದಿನಗಳಲ್ಲಿ ನಡೆಯುತ್ತಿದ್ದದ್ದು ರಕ್ತ ತೆಗೆಯುವುದು, ಭೇದಿಗೆ ಕೊಡುವುದು, ಊಟ ತಗ್ಗಿಸುವುದು. ಪುಷ್ಟಿಯಾದ ಮೈಯಲ್ಲಿ ರಕ್ತ ಹೆಚ್ಚಿರುತ್ತದೆ, ಗಾಯವಾದಾಗ ಅದು ಉರಿಯೂತವಾಗಿ ಹೊಮ್ಮುತ್ತದೆ, ಆದ್ದರಿಂದ ಮೊದಲೇ ಅದನ್ನು ಇಳಿಸಿಡುವುದು ಲೇಸು ಎಂಬ ತರ್ಕ ಇದರ ಹಿಂದಿತ್ತು. ಒಳಗೊಳಗೆ ಹೊಂದಿಕೊಂಡ ತರ್ಕವೇ. ಪೆಟ್ಟು ತಿನ್ನಲಿರುವ ಮೈಯನ್ನು ಮೊದಲೇ ಬಡವಾಗಿಸುತ್ತಿತ್ತು, ಅಷ್ಟೇ.

1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಬಹಿರಂಗ ಪ್ರದರ್ಶನವಾಯಿತು. ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಂತು. ಶಸ್ತ್ರವೈದ್ಯನಿಗೆ ಸಮಯ ಸಿಕ್ಕಿತು, ಹೊಟ್ಟೆ, ಎದೆಯಂಥ ಒಳಭಾಗಗಳಿಗೆ ಕೈಹಾಕುವ ಧೈರ್ಯವೂ ಬಂತು. ಜತೆಗೆ ಪ್ರಜ್ಞೆಯಿಲ್ಲದ ರೋಗಿ ವಾಂತಿ ಮಾಡಿಕೊಂಡರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಬಂತು. ಜೋಸೆಫ್ ಲಿಸ್ಟರ್ 1883ರಲ್ಲಿ ಕೊಟ್ಟ ಸಲಹೆ ಹದವಾದದ್ದು: ಹೊಟ್ಟೆಯಲ್ಲಿ ಗಟ್ಟಿ ಆಹಾರ ಇರಬಾರದು, ಆದರೆ ಎರಡು ಗಂಟೆ ಮೊದಲು ಒಂದು ಲೋಟ ಚಹಾ ಅಥವಾ ಮಾಂಸದ ತಿಳಿಸಾರು ಕೊಡುವುದು ಹಿತ. ಈ ‘ಎರಡು ಗಂಟೆ’ ಮುಂದೆ ಕಳೆದುಹೋಗಿ, ನೂರು ವರ್ಷಕ್ಕೂ ಹೆಚ್ಚು ಕಾಲದ ಬಳಿಕ ಮತ್ತೆ ಸಿಕ್ಕಿತು.

ಹರಳೆಣ್ಣೆಯ ಕಾಟ ಮಾತ್ರ ಇಪ್ಪತ್ತನೆಯ ಶತಮಾನದವರೆಗೂ ಬಂತು. ಆಪರೇಷನ್ನಿನ ಹಿಂದಿನ ರಾತ್ರಿ ಭೇದಿ ಮಾಡಿಸಿ ಕರುಳು ತೊಳೆಯುವುದು ಆಸ್ಪತ್ರೆಗಳ ವಾಡಿಕೆಯಾಗಿತ್ತು. ಅಮೆರಿಕದ ವಾಲ್ಟರ್ ಆಲ್ವರೆಜ್ 1918ರಲ್ಲಿ ಇದರ ಅಗತ್ಯವನ್ನೇ ಪ್ರಶ್ನಿಸಿದರು. ಇಡೀ ರಾತ್ರಿ ನಿದ್ದೆಗೆಟ್ಟು, ನೀರು ಕಳೆದುಕೊಂಡು ಬೆಳಗ್ಗೆ ಮೇಜಿನ ಮೇಲೆ ಮಲಗುವವನು ಸಿದ್ಧನಾದವನಲ್ಲ, ಸುಸ್ತಾದವನು. ವಾಡಿಕೆ ಅಷ್ಟಕ್ಕೆ ಬಿಡಲಿಲ್ಲ.

ಖಾಲಿ ಮಾಡುವುದನ್ನು ಬಿಟ್ಟು ರೋಗಿಗೆ ಬೇಕಾದುದನ್ನು ಕೊಟ್ಟು ಹದಗೊಳಿಸುವ ಮೊದಲ ದೊಡ್ಡ ಗೆಲುವು ಗಂಟಲವಾಳದ ಕಾಯಿಲೆಯಲ್ಲಿ ಬಂತು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ರೋಗಿಗಳು ಆಪರೇಷನ್ ಆದೊಡನೆ ಜ್ವರವೇರಿ, ಎದೆ ಹೊಡೆದುಕೊಂಡು ಸಾಯುವುದಿತ್ತು. ಕ್ಲೀವ್‌ಲೆಂಡಿನ ಜಾರ್ಜ್ ಕ್ರೈಲ್ ಇದಕ್ಕೆ ಭಯವೂ ಒಂದು ಕಾರಣವೆಂದು ಬಗೆದು ವಿಚಿತ್ರ ಉಪಾಯ ಹೂಡಿದರು. ಪ್ರತಿದಿನ ಬೆಳಗ್ಗೆ ರೋಗಿಗೆ ಅರಿವಳಿಕೆಯಂಥದ್ದನ್ನು ಕೊಡುವ ನಾಟಕ ನಡೆಯುತ್ತಿತ್ತು, ಒಂದು ದಿನ ಅದು ನಿಜವಾದ ಅರಿವಳಿಕೆಯಾಗಿರುತ್ತಿತ್ತು, ಎಚ್ಚರವಾಗುವಷ್ಟರಲ್ಲಿ ಗ್ರಂಥಿ ಹೊರಗೆ. ‘ಕದಿಯುವುದು’ ಎಂದೇ ಅದಕ್ಕೆ ಹೆಸರು. ಇವತ್ತಿನ ಒಪ್ಪಿಗೆ ಪತ್ರದ ಕಾಲದಲ್ಲಿ ನಿಲ್ಲುವ ಉಪಾಯವಲ್ಲ. ಮೇಯೋ ಕ್ಲಿನಿಕ್ಕಿನ ಹೆನ್ರಿ ಪ್ಲಮರ್ ಆಪರೇಷನ್ನಿಗೆ ಮುಂಚಿನ ಕೆಲವು ದಿನ ಅಯೋಡಿನ್ ದ್ರಾವಣ ಕುಡಿಸಿದರೆ ಗ್ರಂಥಿ ತಣಿಯುತ್ತದೆ, ಸಾವು ಇಳಿಯುತ್ತದೆ ಎಂದು 1923ರಲ್ಲಿ ತೋರಿಸಿದ ಮೇಲೆ ಕದಿಯುವ ಅಗತ್ಯ ತಪ್ಪಿತು. ಇನ್ಸುಲಿನ್ ಅದೇ ಹೊತ್ತಿಗೆ ಬಂದು ಸಕ್ಕರೆ ಕಾಯಿಲೆಯವರನ್ನು ಶಸ್ತ್ರಕ್ಕೆ ಒಡ್ಡುವುದು ಸಾಧ್ಯವಾಯಿತು. 1930ರ ದಶಕದ ಕೊನೆಗೆ ಕಾಮಾಲೆ ರೋಗಿಗಳ ನಿಲ್ಲದ ರಕ್ತಸ್ರಾವಕ್ಕೆ ವಿಟಮಿನ್ ಕೆ ಉತ್ತರವಾಯಿತು.

ಇವೆಲ್ಲ ಒಂದೊಂದು ರೋಗದ ಮಾತು. ರೋಗ ಯಾವುದೇ ಇರಲಿ, ಒಟ್ಟು ಮೈಯ ಸ್ಥಿತಿಯೇ ಫಲವನ್ನು ತೀರ್ಮಾನಿಸುತ್ತದೆ ಎಂದು ಅಂಕಿಯಲ್ಲಿ ತೋರಿಸಿದವರು ಕ್ಲೀವ್‌ಲೆಂಡಿನ ಇನ್ನೊಬ್ಬ ಶಸ್ತ್ರವೈದ್ಯ ಹೈರಮ್ ಸ್ಟಡ್ಲಿ. 1936ರಲ್ಲಿ ಅವರು ಪ್ರಕಟಿಸಿದ ಲೇಖನ ಜಠರದ ಹಳೆಯ ಹುಣ್ಣಿಗೆ ಆಪರೇಷನ್ ಆದ ಕೇವಲ 46 ಮಂದಿಯನ್ನು ಕುರಿತದ್ದು. ಆಪರೇಷನ್ನಿಗೆ ಮೊದಲೇ ದೇಹದ ತೂಕದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂವರಿಗೆ ಒಬ್ಬರು ಸತ್ತಿದ್ದರು. ಉಳಿದವರಲ್ಲಿ ಸಾವು ಶೇಕಡಾ 3.5 ಮಾತ್ರ. ಅವರು ಮಾಡಿದ್ದು ರೋಗಿಗಳನ್ನು ಇಳಿದ ತೂಕದ ಲೆಕ್ಕದಲ್ಲಿ ವಿಂಗಡಿಸಿ ನೋಡಿದ್ದಷ್ಟೇ. ಇದಕ್ಕೆ ಬೇಕಾದದ್ದು ಒಂದು ತಕ್ಕಡಿ, ಮೊದಲು ಎಷ್ಟು ತೂಕವಿತ್ತು ಎಂದು ಕೇಳುವ ಒಂದು ಪ್ರಶ್ನೆ. ಶಸ್ತ್ರವಿದ್ಯೆಯ ಇತಿಹಾಸದಲ್ಲಿ ಇಷ್ಟು ಅಗ್ಗದ ಸಾಧನದಿಂದ ಇಷ್ಟು ಬೆಲೆಬಾಳುವ ತಿಳಿವಳಿಕೆ ಸಿಕ್ಕ ಉದಾಹರಣೆಗಳು ಕಡಿಮೆ. ಕಳೆದ ಕೆಲವು ತಿಂಗಳಲ್ಲಿ ತೂಕ ಇಳಿದಿದೆಯೇ ಎಂದು ಆಸ್ಪತ್ರೆಯ ಆಹಾರತಜ್ಞರು ಈಗಲೂ ಕೇಳುತ್ತಾರೆ.

ಉಣಿಸುವುದಕ್ಕೂ ಮಿತಿಯಿದೆ ಎಂಬುದು ಆಮೇಲೆ ತಿಳಿಯಿತು. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಪೂರ್ತಿ ಆಹಾರವನ್ನು ರಕ್ತನಾಳದ ಮೂಲಕವೇ ಕೊಟ್ಟು ನಾಯಿಮರಿಗಳನ್ನು ಬೆಳೆಸಿ ತೋರಿಸಿದರು. ಆ ವಿಧಾನ ಆಸ್ಪತ್ರೆಗಳಿಗೆ ಬಂದಾಗ ಕಂಡಕಂಡವರಿಗೆಲ್ಲ ಹಾಕುವ ಉತ್ಸಾಹ ಹುಟ್ಟಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ದೊಡ್ಡ ಅಧ್ಯಯನ 1991ರಲ್ಲಿ ಅದಕ್ಕೆ ಕಡಿವಾಣ ಹಾಕಿತು. ತೀರಾ ಬಡಕಲಾದವರಿಗಷ್ಟೇ ಅದರಿಂದ ಲಾಭವಾಗಿತ್ತು, ಮಿಕ್ಕವರಲ್ಲಿ ಸೋಂಕು ಹೆಚ್ಚಿತ್ತು.

ಮಲಗಿಸುವ ನಂಬಿಕೆ ಇದಕ್ಕಿಂತ ಗಟ್ಟಿಯಾಗಿ ಬೇರೂರಿತ್ತು. ಲಂಡನ್ನಿನ ಜಾನ್ ಹಿಲ್ಟನ್ ವಿಶ್ರಾಂತಿಯ ಗುಣವನ್ನೇ ಕುರಿತು 1863ರಲ್ಲಿ ಹೊರತಂದ ಗ್ರಂಥ ತಲೆಮಾರುಗಳ ಕಾಲ ಶಸ್ತ್ರವೈದ್ಯರ ಕೈಯಲ್ಲಿತ್ತು. ಆಪರೇಷನ್ ಆದವರು ವಾರಗಟ್ಟಲೆ ಹಾಸಿಗೆ ಬಿಡುವಂತಿರಲಿಲ್ಲ. ಷಿಕಾಗೋದ ಎಮಿಲ್ ರೀಸ್ 1899ರಲ್ಲೇ ಬೇಗ ಎಬ್ಬಿಸಿ ನಡೆಸಬಹುದು ಎಂದದ್ದಕ್ಕೆ ಕಿವಿಗೊಟ್ಟವರು ಕಡಿಮೆ. ಎರಡನೆಯ ಮಹಾಯುದ್ಧ ಅದನ್ನು ಬದಲಿಸಿತು. ಗಾಯಾಳುಗಳು ತುಂಬಿ ಹಾಸಿಗೆಯೇ ಸಾಲದಾದಾಗ ಬೇಗ ಎಬ್ಬಿಸುವುದು ಅನಿವಾರ್ಯವಾಯಿತು, ಎದ್ದವರು ಸಾಯಲಿಲ್ಲ. ಇಂಗ್ಲೆಂಡಿನ ರಿಚರ್ಡ್ ಆಶರ್ 1947ರಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಒಂದೊಂದಾಗಿ ಎಣಿಸಿ ವ್ಯಂಗ್ಯದ ಲೇಖನವೊಂದನ್ನು ಬರೆದರು.

ಈಗ ಈ ಸಿದ್ಧತೆಗೆ ಬಳಕೆಯಲ್ಲಿರುವ ‘ಪ್ರಿಹ್ಯಾಬಿಲಿಟೇಷನ್’ ಎಂಬ ಮಾತು ಹುಟ್ಟಿದ್ದು ಕೂಡ ಯುದ್ಧದ ಹೊತ್ತಿನಲ್ಲಿ, ಅದೂ ಆಸ್ಪತ್ರೆಯ ಹೊರಗೆ. ದೈಹಿಕ ಮಟ್ಟ ಸಾಲದೆ ಹೋದ ಸಾವಿರಾರು ಯುವಕರನ್ನು ಬ್ರಿಟಿಷ್ ಸೇನೆ ವಿಶೇಷ ಶಿಬಿರಗಳಿಗೆ ಕಳಿಸಿ, ಹೊಟ್ಟೆ ತುಂಬ ಊಟ, ಒಳ್ಳೆಯ ವಸತಿ, ಅಳತೆಯ ವ್ಯಾಯಾಮ ಕೊಟ್ಟು ಸೈನಿಕರನ್ನಾಗಿ ಮಾಡಿಕೊಂಡಿತ್ತು. ಅದರ ವರದಿ 1946ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಈ ಪದವನ್ನು ಹೊತ್ತು ಪ್ರಕಟವಾಯಿತು. ಯುದ್ಧಕ್ಕೆ ಕಳಿಸುವ ಮುಂಚೆ ಮೈ ಕಟ್ಟಬೇಕೆಂದು ಕಂಡವರು ಆಪರೇಷನ್ ಕೋಣೆಗೆ ಕಳಿಸುವ ಮುಂಚೆಯೂ ಕಟ್ಟಬೇಕೆಂದು ಕಾಣಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ವಿಶ್ರಾಂತಿಯ ಮೇಲಿನ ಅತಿ ದೊಡ್ಡ ಪೆಟ್ಟು ಆರೋಗ್ಯವಂತರ ಮೇಲೆ ನಡೆದ ಒಂದು ಪ್ರಯೋಗದಿಂದ ಬಂತು. 1966ರಲ್ಲಿ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಲಾಯಿತು. ಶ್ರಮಪಡುವಾಗ ಮೈ ಬಳಸಿಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಅವರಲ್ಲಿ ಸರಾಸರಿ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಹುಡುಕಿ ಮತ್ತೆ ಅಳೆದಾಗ, ಮೂರು ದಶಕಗಳ ಮುಪ್ಪಿಗಿಂತ ಆ ಮೂರು ವಾರಗಳ ಹಾಸಿಗೆಯೇ ಅವರನ್ನು ಹೆಚ್ಚು ಕುಗ್ಗಿಸಿತ್ತು ಎಂದು ತಿಳಿಯಿತು.

ಶ್ವಾಸ ಮತ್ತು ಮನಸ್ಸಿನ ಸಿದ್ಧತೆಯೂ ಈ ನಡುವೆ ರೂಪುಗೊಂಡಿತು. ಮೊದಲ ಮಹಾಯುದ್ಧದಲ್ಲಿ ಎದೆಗೆ ಗುಂಡು ತಗಲಿದವರಿಗೆ ಉಸಿರಾಟದ ವ್ಯಾಯಾಮ ಕಲಿಸಲಾಗಿತ್ತು. 1970ರ ದಶಕದಲ್ಲಿ ರಾಬರ್ಟ್ ಬಾರ್ಟ್ಲೆಟ್ ಮತ್ತು ಸಂಗಡಿಗರು ದೀರ್ಘವಾಗಿ ಉಸಿರೆಳೆಯುವುದನ್ನು ಅಭ್ಯಾಸ ಮಾಡಿಸುವ ಸಾಧನವನ್ನು ಬಳಕೆಗೆ ತಂದರು. ಉಸಿರೆಳೆದಷ್ಟೂ ಮೇಲೇರುವ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಇವತ್ತು ಕರ್ನಾಟಕದ ಆಸ್ಪತ್ರೆಗಳ ವಾರ್ಡುಗಳಲ್ಲೂ ಪರಿಚಿತ. ಆಪರೇಷನ್ ಆದ ಮೇಲೆ ನೋವಿನಲ್ಲಿ ಅದನ್ನು ಮೊದಲ ಬಾರಿಗೆ ಕೈಗೆ ಕೊಡುವುದಕ್ಕಿಂತ ಮುಂಚೆಯೇ ಕಲಿಸುವುದು ಮೇಲು. ಮಾತಿನ ಬಲವನ್ನು ತೋರಿಸಿದ್ದು 1964ರಲ್ಲಿ ಬೋಸ್ಟನ್ನಿನ ಅರಿವಳಿಕೆ ವೈದ್ಯ ಲಾರೆನ್ಸ್ ಎಗ್ಬರ್ಟ್. ಹೊಟ್ಟೆಯ ಆಪರೇಷನ್ನಿನ 97 ರೋಗಿಗಳಲ್ಲಿ ಒಂದು ಗುಂಪಿಗೆ ನೋವು ಎಲ್ಲಿ ಬರುತ್ತದೆ, ಹೇಗೆ ಮಗ್ಗುಲಾಗಬೇಕು, ಸ್ನಾಯುಗಳನ್ನು ಹೇಗೆ ಸಡಿಲಬಿಡಬೇಕು ಎಂದು ಮುಂಚೆಯೇ ಕೂತು ಹೇಳಲಾಯಿತು. ಆ ಗುಂಪಿಗೆ ನೋವಿನ ಮದ್ದು ಅರ್ಧದಷ್ಟು ಸಾಕಾಯಿತು, ಯಾರು ಯಾವ ಗುಂಪೆಂದು ತಿಳಿಯದ ಶಸ್ತ್ರವೈದ್ಯರು ಅವರನ್ನು ಸರಾಸರಿ 2.7 ದಿನ ಮೊದಲೇ ಮನೆಗೆ ಕಳಿಸಿದರು.

ಹೊಗೆಯ ಲೆಕ್ಕ ಬಂದದ್ದು ತಡವಾಗಿ. ಧೂಮಪಾನ ಮಾಡುವವರಲ್ಲಿ ಆಪರೇಷನ್ನಿನ ನಂತರ ಶ್ವಾಸಕೋಶದ ತೊಂದರೆ ಬಹಳ ಹೆಚ್ಚೆಂದು 1944ರಲ್ಲೇ ವರದಿಯಾಗಿತ್ತು. ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು 2002ರಲ್ಲಿ, ಡೆನ್ಮಾರ್ಕಿನಿಂದ. ಸೊಂಟ, ಮಂಡಿಯ ಕೀಲು ಬದಲಿಸಿಕೊಳ್ಳಲಿದ್ದ 120 ಮಂದಿ ಧೂಮಪಾನಿಗಳ ಒಂದು ಗುಂಪಿಗೆ ಆರರಿಂದ ಎಂಟು ವಾರ ಮುಂಚೆ ಬಿಡಲು ನೆರವು ನೀಡಲಾಯಿತು. ತೊಡಕುಗಳು ಇನ್ನೊಂದು ಗುಂಪಿನಲ್ಲಿ ಶೇಕಡಾ 52, ಇವರಲ್ಲಿ ಶೇಕಡಾ 18.

ಕಸುವನ್ನು ಅಳೆಯುವ ಕೆಲಸಕ್ಕೆ ಹಳೆಯ ಶಸ್ತ್ರವೈದ್ಯರ ಬಳಿ ಇದ್ದದ್ದು ಮೆಟ್ಟಿಲು. ಏದುಸಿರಿಲ್ಲದೆ ಮಹಡಿ ಹತ್ತಿದವನು ಆಪರೇಷನ್ ತಾಳುತ್ತಾನೆ ಎಂಬುದು ಅವರ ಅಂದಾಜು, ದಡ್ಡ ಅಂದಾಜೇನಲ್ಲ. ಮೆಲ್ಬರ್ನಿನ ಪಾಲ್ ಓಲ್ಡರ್ 1993ರಲ್ಲಿ ಅದನ್ನೇ ಸೈಕಲ್ಲಿನ ಮೇಲೆ ಕೂರಿಸಿ, ಉಸಿರನ್ನು ಅಳೆದು ಅಂಕಿಗೆ ಇಳಿಸಿದರು. ಅರವತ್ತು ದಾಟಿದ 187 ಮಂದಿಯಲ್ಲಿ, ಸ್ನಾಯುಗಳು ಆಮ್ಲಜನಕಕ್ಕೆ ಪರದಾಡತೊಡಗುವ ಮಟ್ಟವು ದೇಹತೂಕದ ಕಿಲೋಗೆ ನಿಮಿಷಕ್ಕೆ 11 ಮಿಲಿಲೀಟರಿಗಿಂತ ಕಡಿಮೆ ಇದ್ದವರಲ್ಲಿ ಹೃದಯದ ತೊಂದರೆಯಿಂದ ಶೇಕಡಾ 18 ಮಂದಿ ಸತ್ತರು, ಉಳಿದವರಲ್ಲಿ ಶೇಕಡಾ 0.8. ದೊಡ್ಡ ಆಪರೇಷನ್ ಆದ ಮೈಗೆ ಚೇತರಿಕೆಯ ದಿನಗಳೆಲ್ಲ ಬೆಟ್ಟ ಹತ್ತಿದಂತೆಯೇ. ಆಮ್ಲಜನಕದ ಬೇಡಿಕೆ ಏರುತ್ತದೆ, ಹೃದಯ ಅದನ್ನು ಪೂರೈಸಬೇಕು.

ಅಳತೆ ಸಿಕ್ಕಿದ ಮೇಲೆ ಅದನ್ನು ಏರಿಸುವ ಯತ್ನ ಸಹಜವಾಗಿ ಬಂತು. ಅದರಲ್ಲಿ ಮುಂಚೂಣಿಯಲ್ಲಿದ್ದದ್ದು ಮಾಂಟ್ರಿಯಲ್ಲಿನ ಮೆಗಿಲ್ ವಿಶ್ವವಿದ್ಯಾಲಯದ ಫ್ರಾಂಕೋ ಕಾರ್ಲಿ ಅವರ ತಂಡ. ಅವರ 2010ರ ಪ್ರಯೋಗ ತಲೆಕೆಳಗಾದದ್ದೇ ಹೆಚ್ಚು ಪಾಠ ಕಲಿಸಿತು. ಕರುಳಿನ ಆಪರೇಷನ್ನಿಗೆ ಕಾದಿದ್ದ 112 ಮಂದಿಯಲ್ಲಿ ಒಂದು ಗುಂಪಿಗೆ ಕಠಿಣ ಸೈಕಲ್ ಮತ್ತು ಭಾರದ ವ್ಯಾಯಾಮ, ಹೋಲಿಕೆಗೆಂದು ಇರಿಸಿದ ಇನ್ನೊಂದಕ್ಕೆ ಬರೀ ನಡಿಗೆ ಮತ್ತು ಉಸಿರಾಟ. ನಡೆದವರೇ ಹೆಚ್ಚು ಸುಧಾರಿಸಿದರು. ಕಠಿಣ ಕಾರ್ಯಕ್ರಮವನ್ನು ಹೇಳಿದಂತೆ ಪಾಲಿಸಿದವರು ತೀರಾ ಕಡಿಮೆ ಇದ್ದರು. 2014ರಲ್ಲಿ ಅದೇ ತಂಡ ಹದವಾದ ವ್ಯಾಯಾಮ, ಪ್ರೋಟೀನ್ ಪೂರಕ, ಆತಂಕ ಇಳಿಸುವ ಅಭ್ಯಾಸ ಮೂರನ್ನೂ ಸೇರಿಸಿ ಸುಮಾರು ನಾಲ್ಕು ವಾರ ಮುಂಚೆ ಆರಂಭಿಸಿತು. ಎಂಟು ವಾರಗಳ ಹೊತ್ತಿಗೆ ಹಿಂದಿನ ನಡಿಗೆಯ ಶಕ್ತಿಯನ್ನು ಮರಳಿ ಪಡೆದವರು ಶೇಕಡಾ 84. ಅದೇ ಕಾರ್ಯಕ್ರಮವನ್ನು ಆಪರೇಷನ್ ಆದ ಮೇಲೆ ಶುರುಮಾಡಿದವರಲ್ಲಿ ಶೇಕಡಾ 62. ಮೂರನ್ನೂ ಕೂಡಿಸುವುದು ಅಲ್ಲಿಂದ ರೂಢಿಯಾಯಿತು. 2023ರಲ್ಲಿ ಪ್ರಕಟವಾದ, ಕರುಳಿನ ಕ್ಯಾನ್ಸರಿನ 251 ರೋಗಿಗಳ ಯುರೋಪಿನ ಪ್ರಯೋಗದಲ್ಲಿ ತೀವ್ರ ತೊಡಕುಗಳು ಶೇಕಡಾ 29.7ರಿಂದ 17.1ಕ್ಕೆ ಇಳಿದವು. ತೀರಾ ದುರ್ಬಲರಾದ ವೃದ್ಧರಲ್ಲಿ ಮಾಂಟ್ರಿಯಲ್ ತಂಡವೇ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಲಾಭ ಕಾಣಲಿಲ್ಲ.

ಉಪವಾಸದ ನಿಯಮವೂ ಈ ವೇಳೆಗೆ ಸಡಿಲವಾಗಿತ್ತು. 1946ರಲ್ಲಿ ಕರ್ಟಿಸ್ ಮೆಂಡೆಲ್ಸನ್ 44,016 ಹೆರಿಗೆಗಳಲ್ಲಿ ಅರಿವಳಿಕೆಯ ಹೊತ್ತಿಗೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕಿಳಿದ 66 ಪ್ರಕರಣಗಳನ್ನು ವರದಿ ಮಾಡಿದ್ದರು. ಮಧ್ಯರಾತ್ರಿಯಿಂದ ಹನಿ ನೀರೂ ಕೂಡದು ಎಂಬ ಕಟ್ಟಳೆ ಅದರಿಂದ ಬಲಗೊಂಡಿತು. ತಿಳಿ ದ್ರವ ಎರಡು ಗಂಟೆಯೊಳಗೆ ಜಠರ ದಾಟುತ್ತದೆ ಎಂಬುದು ಖಚಿತವಾದ ಮೇಲೆ ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ತಿಳಿ ದ್ರವಕ್ಕೆ ಎರಡು ಗಂಟೆ, ಲಘು ಆಹಾರಕ್ಕೆ ಆರು ಗಂಟೆ ಎಂದು ನಿಗದಿ ಮಾಡಿತು. ಲಿಸ್ಟರನ ಚಹಾ ಮರಳಿ ಬಂತು, ಹಾಲಿಲ್ಲದೆ. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ರೂಪಿಸಿದ ಶೀಘ್ರ ಚೇತರಿಕೆಯ ಕ್ರಮಗಳಲ್ಲಿ ಬೇಗ ಉಣಿಸುವುದು, ಬೇಗ ನಡೆಸುವುದು ಮುಖ್ಯ ಭಾಗಗಳಾದವು.

ಭಾರತದಲ್ಲಿ ‘ಫಿಟ್‌ನೆಸ್’ ಎಂಬ ಮಾತಿಗೆ ಆಸ್ಪತ್ರೆಯಲ್ಲಿ ಬೇರೆಯೇ ಅರ್ಥವಿದೆ. ಅದು ರೋಗಿ ಗಳಿಸುವುದಲ್ಲ, ಇಸಿಜಿ, ರಕ್ತಪರೀಕ್ಷೆ ನೋಡಿ ವೈದ್ಯರು ‘ಕೊಡುವುದು’. ಫಿಟ್‌ನೆಸ್ ಸಿಕ್ಕಿತು ಎಂದರೆ ಕಾಗದದ ಮೇಲೆ ಸಹಿ ಬಿತ್ತು ಎಂದು. ಈ ದೇಶದಲ್ಲಿ ಮುಂಚೆ ಸರಿಪಡಿಸಬೇಕಾದ ಮೊದಲ ಕೊರತೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ಅದಿದೆ. ತಿಂಗಳುಗಟ್ಟಲೆ ಅವಕಾಶವಿದ್ದರೆ ಮಾತ್ರೆ ಸಾಕು. ದಿನ ಹತ್ತಿರವಾದಾಗ ರಕ್ತನಾಳಕ್ಕೆ ಕಬ್ಬಿಣ ಹನಿಸುವುದರಿಂದ ಎಷ್ಟು ಲಾಭ ಎಂಬುದರಲ್ಲಿ ಒಮ್ಮತವಿಲ್ಲ, ಬ್ರಿಟನ್ನಿನ 487 ರೋಗಿಗಳ ಪ್ರಯೋಗವೊಂದು 2020ರಲ್ಲಿ ರಕ್ತ ಕೊಡುವ ಅಗತ್ಯ ಅದರಿಂದ ತಗ್ಗಲಿಲ್ಲವೆಂದಿತು. ಯೋಗವನ್ನು ಈ ಕಣ್ಣಿನಿಂದ ನೋಡಿದ ಕೆಲಸ ಬೆಂಗಳೂರಿನಲ್ಲಿ ಆಗಿದೆ. ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಳ್ಳಲಿದ್ದ ಮಹಿಳೆಯರಿಗೆ ಮುಂಚೆಯೇ ಉಸಿರಾಟ ಮತ್ತು ವಿಶ್ರಾಂತಿಯ ಅಭ್ಯಾಸ ಕಲಿಸಿ, ಹೊಲಿಗೆ ಬಿಚ್ಚುವ ದಿನ, ಆಸ್ಪತ್ರೆಯಲ್ಲಿ ಉಳಿದ ದಿನ ಎರಡನ್ನೂ ಲೆಕ್ಕ ಇಟ್ಟಾಗ ಯೋಗದ ಗುಂಪು ಮೊದಲು ಮನೆ ಸೇರಿತ್ತು. 2008ರಲ್ಲಿ ಪ್ರಕಟವಾದ ಆ ಅಧ್ಯಯನ ಸಣ್ಣದು, ಕೊನೆಯವರೆಗೆ ಉಳಿದವರು 69 ಮಂದಿ.