‘ಅವರು’ ಎಂಬ ಮಾತು

13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಪದಗಳಿಗೆ ಒಂಬತ್ತು ಲಿಂಗಗಳನ್ನು ಹೇಳಿದ್ದಾನೆ. ಶಾಲೆಯಲ್ಲಿ ನಾವು ಕಲಿಸಿದ್ದು ಮೂರನ್ನೇ: ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ. ಮೂರನೆಯದನ್ನು ಮಕ್ಕಳು ಬೈಗುಳವಾಗಿಸಿ ನಕ್ಕಾಗ, ಕೇಳದವರಂತೆ ಪಾಠ ಮುಂದುವರಿಸಿದೆವು.

ಪದದ ಲಿಂಗವನ್ನು ವ್ಯಾಕರಣ ನಿರ್ಣಯಿಸುತ್ತದೆ, ಮನುಷ್ಯನದನ್ನು ಯಾರು? ವೈದ್ಯಶಾಸ್ತ್ರವು ಅಂಗರಚನೆ, ವರ್ಣತಂತು, ಹಾರ್ಮೋನುಗಳನ್ನು ನೋಡುತ್ತದೆ; ಇವು ಒಂದೇ ಉತ್ತರ ಕೊಡದ ದೇಹಗಳೂ ಉಂಟು. ಸವದತ್ತಿಯ ಯಲ್ಲಮ್ಮನ ಪರಂಪರೆಯ ಉತ್ತರವೇ ಬೇರೆ. ಅಲ್ಲಿ ಗಂಡಾಗಿ ಹುಟ್ಟಿ, ದೇವಿಯ ಹೆಸರಿನಲ್ಲಿ ಸೀರೆಯುಟ್ಟವರು ಜೋಗಪ್ಪಗಳಾದರು. ಗುಡ್ಡದಲ್ಲಿ ಅವರಿಗೆ ಕೈಮುಗಿದ ಜನರೇ ಊರಿಗೆ ಮರಳಿ ಅವರನ್ನು ಹೀಯಾಳಿಸಿದರು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪಿತ್ತಿತು. 2019ರಲ್ಲಿ ಯಲ್ಲಮ್ಮನ ಪರಂಪರೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ಕೆಪೆಯಲ್ಲಿ ನೆಲೆಸಿದ ನಮಗೂ ಯಲ್ಲಮ್ಮ ದೂರದವಳಲ್ಲ. ಜೋಗಪ್ಪಗಳು ನಮ್ಮ ಬಾಗಿಲಿಗೆ ಬಂದಾಗ ‘ಅವನೋ, ಅವಳೋ’ ಎಂದು ಪಿಸುಗುಡಬೇಕಾಗಿಲ್ಲ. ಗಂಡು ಹೆಣ್ಣೆಂದು ಬೇರ್ಪಡಿಸದ, ಗೌರವದ ‘ಅವರು’ ನಮ್ಮ ನುಡಿಯಲ್ಲೇ ಇದೆ. ಅಂದು ತರಗತಿಯಲ್ಲಿ ಹೇಳದೆ ಬಿಟ್ಟ ಪಾಠವನ್ನು ಇಂದು ಮೊಮ್ಮಕ್ಕಳಿಗಾದರೂ ಹೇಳೋಣ.