60 ರೂಪಾಯಿ 120 ಆದಾಗ ಬಿಟ್ಟುಹೋದವರು ಯಾರು?



"ಬಿಟ್ಟಿ ಕೊಟ್ರೆ ಜನಕ್ಕೆ ಬೆಲೆ ಗೊತ್ತಾಗಲ್ಲ, ಒಂದಿಷ್ಟಾದ್ರೂ ಕಟ್ಟಿಸ್ಕೋಬೇಕು." ಆರೋಗ್ಯ ವಿಮೆಯ ಮಾತು ಬಂದ ಸಭೆಗಳಲ್ಲೆಲ್ಲ ಇದನ್ನ ಕೇಳಿದೀನಿ. ಹೇಳೋರು ಕೆಟ್ಟವರೇನಲ್ಲ. ಆದ್ರೆ ಈ ಮಾತು ನಮ್ಮ ಕರ್ನಾಟಕದಲ್ಲೇ ಪರೀಕ್ಷೆಗೆ ಒಳಗಾಗಿದೆ. ಆ ಚರಿತ್ರೆ ನಮ್ಮವರ ನಾಲಿಗೆ ಮೇಲಿರಬೇಕು ಅಂತ ಇದನ್ನ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಓದಿ.

ಮೊದಲು ಬಾಬಾಸಾಹೇಬರು. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರು. ಕಾರ್ಖಾನೆ ಕಾರ್ಮಿಕರಿಗೆ ಆರೋಗ್ಯ ವಿಮೆ ರೂಪಿಸೋಕೆ ಪ್ರೊ. ಬಿ.ಪಿ. ಅಡಾರ್ಕರ್ ಅವರನ್ನ 1943ರಲ್ಲಿ ನೇಮಿಸಿದ್ದು ಅದೇ ಕಾಲದಲ್ಲಿ. 1944ರಲ್ಲಿ ವರದಿ ಬಂತು. 1948ರಲ್ಲಿ, ಬಾಬು ಜಗಜೀವನರಾಂ ಕಾರ್ಮಿಕ ಮಂತ್ರಿಯಾಗಿದ್ದಾಗ, ಇಎಸ್‌ಐ ಕಾಯ್ದೆಯಾಯ್ತು. ಅದರ ಲೆಕ್ಕ ನೋಡಿ: ವಿಮೆ ಬೇಕಾ ಬೇಡ್ವಾ ಅಂತ ಕಾರ್ಮಿಕನನ್ನ ಕೇಳೋದೇ ಇಲ್ಲ. ಮಾಲೀಕ ಹೆಚ್ಚು ಕಟ್ಟಬೇಕು, ಕಾರ್ಮಿಕ ಕೂಲಿಗೆ ತಕ್ಕಷ್ಟು ಕಟ್ಟಬೇಕು, ತೀರಾ ಕಮ್ಮಿ ಕೂಲಿಯವರ ಪಾಲು ಸೊನ್ನೆ. ಈಗ ಮಾಲೀಕನ ಪಾಲು ಶೇ. 3.25, ಕಾರ್ಮಿಕನದು ಶೇ. 0.75.

ಆದ್ರೆ ಈ ಕಾಯ್ದೆ ಕಾರ್ಖಾನೆ ಗೇಟಿನ ಒಳಗೆ ಇತ್ತು. ಗೌಡರ ಹೊಲದಲ್ಲಿ ಕೂಲಿ ಮಾಡೋರು, ಚರಂಡಿ ಬಳಿಯೋರು, ಚಪ್ಪಲಿ ರಿಪೇರಿ ಮಾಡೋರು, ಅಂದ್ರೆ ನಮ್ಮ ಬಹುಪಾಲು ಜನ, ಹೊರಗೇ ಉಳಿದ್ರು. ಅರ್ಧ ಶತಮಾನ ಕಳೆದ ಮೇಲೆ ವಿಮೆ ಅವರ ಬಾಗಿಲಿಗೂ ಬಂತು. ಬಂದಿದ್ದು ಮಾತ್ರ ಅಂಗಡಿ ಸಾಮಾನಿನ ಥರ: ಬೇಕಿದ್ರೆ ಕೊಂಡ್ಕೋ.

2003ರಲ್ಲಿ ಕೇಂದ್ರ ಸರ್ಕಾರ ದಿನಕ್ಕೆ ಒಂದು ರೂಪಾಯಿ ಲೆಕ್ಕದಲ್ಲಿ, ಅಂದ್ರೆ ಒಬ್ಬರಿಗೆ ವರ್ಷಕ್ಕೆ 365 ರೂಪಾಯಿಗೆ ವಿಮೆ ತಂತು. ಅದೇ ವರ್ಷ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಯಶಸ್ವಿನಿ ಶುರುವಾಯ್ತು. ಡಾ. ದೇವಿ ಶೆಟ್ಟಿ ಅವರ ಕಲ್ಪನೆ, ಸಹಕಾರ ಸಂಘಗಳ ಜಾಲ, ಸರ್ಕಾರದ ನೆರವು. ತಲೆಗೆ ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ 16 ಲಕ್ಷ ಜನ ಸೇರಿದ್ರು. ಎರಡನೇ ವರ್ಷ 20 ಲಕ್ಷ ದಾಟ್ತು. 2005ರಲ್ಲಿ ವಂತಿಗೆ 120 ರೂಪಾಯಿ ಆಯ್ತು. ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗೆ ಬಂತು. ಮುಂದೆ ಸಂಖ್ಯೆ ಮತ್ತೆ ಏರಿದ್ದು ನಿಜ. ಆದ್ರೆ ಬಿಟ್ಟುಹೋದವರೇ ವಾಪಸ್ ಬಂದ್ರು ಅಂತ ಏರಿದ ಸಂಖ್ಯೆ ಹೇಳಲ್ಲ.

"ಹೆಚ್ಚಾಗಿದ್ದು ಬರೀ 60 ರೂಪಾಯಿ ತಾನೇ?" ಅಂತೀರಾ? ಐದು ಜನರ ಮನೆಗೆ 300 ಇದ್ದದ್ದು 600 ಆಯ್ತು, ಅದೂ ಒಂದೇ ಸಲಕ್ಕೆ. ಕಟ್ಟೋ ದುಡ್ಡು ಇವತ್ತೇ ಹೋಗುತ್ತೆ, ಕಾಯಿಲೆ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ತಲೆ ಲೆಕ್ಕದಲ್ಲಿ ವಂತಿಗೆ ಕೇಳಿದಾಗ ಕೇರಿಯ ಮನೆಗಳಲ್ಲಿ ಏನಾಗುತ್ತೆ ಅಂತ ನಾನು ನೋಡಿದೀನಿ. ದುಡಿಯೋ ಗಂಡಸಿನ ಹೆಸರು ಬರೆಸ್ತಾರೆ. ಮುದುಕಿ ಅವ್ವನ ಹೆಸರು ಬಿಡ್ತಾರೆ.

ಇನ್ನೊಂದು ಬಾಗಿಲೂ ಇತ್ತು. ಯಶಸ್ವಿನಿಗೆ ಸೇರೋಕೆ ಸಹಕಾರ ಸಂಘದ ಸದಸ್ಯ ಆಗಿರಬೇಕು. ಭೂಮಿ ಇಲ್ಲ, ಹಸು ಇಲ್ಲ, ಸಂಘದವರು ಸೇರಿಸ್ಕೊಂಡಿಲ್ಲ ಅಂದ್ರೆ ಕೈಯಲ್ಲಿ 60 ರೂಪಾಯಿ ಇದ್ರೂ ಪ್ರಯೋಜನ ಇಲ್ಲ.

ಈಗ "ಬೆಲೆ ಗೊತ್ತಾಗಲ್ಲ" ಅನ್ನೋ ಮಾತಿಗೆ ಬರೋಣ. 2015ರಲ್ಲಿ ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯ್ತು. ಬಡತನ ರೇಖೆಗಿಂತ ಮೇಲಿದ್ದ, ವಿಮೆ ಇಲ್ಲದ ಸುಮಾರು 11 ಸಾವಿರ ಮನೆಗಳನ್ನ ಗುಂಪು ಮಾಡಿ, ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ವಿಮೆಯನ್ನ ಬೇರೆಬೇರೆ ರೀತಿ ಕೊಟ್ರು. ದುಡ್ಡು ಕೊಟ್ಟು ಕೊಳ್ಳಿ ಅಂದಾಗ 100ಕ್ಕೆ 60 ಮನೆ ತಗೊಂಡ್ವು. ಉಚಿತ ಅಂದಾಗ 79. ಮೂರನೇ ಗುಂಪಿಗೆ ಪ್ರೀಮಿಯಂನಷ್ಟು ನಗದು ಕೈಗೆ ಕೊಟ್ಟು, ಏನು ಬೇಕಾದ್ರೂ ಮಾಡ್ಕೊಳ್ಳಿ, ವಿಮೆ ಬೇಕಿದ್ರೆ ಕೊಂಡ್ಕೊಳ್ಳಿ ಅಂದ್ರು. ಅಲ್ಲಿ 72 ಮನೆ ಕೊಂಡ್ವು.

ಆ 72ನ್ನ ಇನ್ನೊಂದ್ಸಲ ನೋಡಿ. ಆ ದುಡ್ಡಲ್ಲಿ ಸೀರೆ ತಗೋಬಹುದಿತ್ತು, ಸಾಲ ತೀರಿಸಬಹುದಿತ್ತು. ಜನ ವಿಮೆ ತಗೊಂಡ್ರು. ಅವರಿಗೆ ವಿಮೆಯ ಬೆಲೆ ಚೆನ್ನಾಗಿ ಗೊತ್ತಿತ್ತು, ಇಲ್ಲದೇ ಇದ್ದದ್ದು ಕೈಯಲ್ಲಿ ಕಾಸು. ರೇಖೆಗಿಂತ ಮೇಲಿದ್ದವರ ಕಥೆಯೇ ಹೀಗಾದ್ರೆ, ನಮ್ಮ ಕೇರಿಯ ಲೆಕ್ಕ ನೀವೇ ಹಾಕಿ.

ಉಚಿತ ಅಂದ್ರೂ 21 ಮನೆ ಸೇರಲಿಲ್ವಲ್ಲ? ಯಾಕಂದ್ರೆ ಬಡವರು ಕಟ್ಟೋದು ಪ್ರೀಮಿಯಂ ಒಂದನ್ನೇ ಅಲ್ಲ. ಕಾರ್ಡ್ ಮಾಡಿಸೋಕೆ ಹೋದ ದಿನದ ಕೂಲಿ, ಬಸ್ ಚಾರ್ಜು, ಆಸ್ಪತ್ರೆಯಲ್ಲಿ ಮಲಗಿದಷ್ಟು ದಿನದ ಕೂಲಿ, ಎಲ್ಲವೂ ಬೆಲೆಯೇ. 2002ರಲ್ಲಿ ತಿ. ನರಸೀಪುರ ತಾಲೂಕಲ್ಲಿ ಕರುಣಾ ಟ್ರಸ್ಟ್ ನಡೆಸಿದ ವಿಮೆ ಇದನ್ನ ಅರ್ಥ ಮಾಡ್ಕೊಂಡಿತ್ತು. ಬಡ ಪರಿಶಿಷ್ಟ ಕುಟುಂಬಗಳ ಪ್ರೀಮಿಯಂ ಪೂರ್ತಿ ಸಹಾಯಧನ. ಸರ್ಕಾರಿ ಆಸ್ಪತ್ರೆಗೆ ದಾಖಲಾದ್ರೆ ದಿನಕ್ಕೆ 50 ರೂಪಾಯಿ ಕೂಲಿ ನಷ್ಟ ಪರಿಹಾರವೂ ಸಿಗ್ತಿತ್ತು.

2010ರಲ್ಲಿ ಗುಲಬರ್ಗಾ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಇನ್ನೂ ಮುಂದೆ ಹೋಯ್ತು. ಪ್ರೀಮಿಯಂ ಇಲ್ಲ, ನೋಂದಣಿ ಇಲ್ಲ, ಬಿಪಿಎಲ್ ಕಾರ್ಡ್ ಇದ್ರೆ ಸಾಕು. ಕರ್ನಾಟಕದ ಹಳ್ಳಿಗಳಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು, ಯೋಜನೆ ಇಲ್ಲದ ಹಳ್ಳಿಗಳಿಗಿಂತ ಶೇ. 64 ಕಡಿಮೆ. ಬಿಟ್ಟಿ ಕೊಟ್ಟದ್ದಕ್ಕೆ ಬೆಲೆ ಇಲ್ಲ ಅನ್ನೋರಿಗೆ ಇದನ್ನ ತೋರಿಸಿ.

2018ರಲ್ಲಿ ನಿಂತ ಯಶಸ್ವಿನಿಯನ್ನ 2022ರಲ್ಲಿ ಮತ್ತೆ ತಂದ್ರು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ. ಪರಿಶಿಷ್ಟರ ವಂತಿಗೆ ಸರ್ಕಾರದ್ದು. ಒಳ್ಳೇದೇ. ಆದ್ರೆ ಸಂಘದ ಬಾಗಿಲು ಹಾಗೇ ಇದೆ. ಒಳಗೆ ಬಿಡದವರಿಗೆ ಟಿಕೆಟ್ ಮಾಫಿ ಮಾಡಿದ್ರೆ ಏನು ಬಂತು?

ಅದಕ್ಕೇ ಒಂದು ಕೆಲಸ. ನಿಮ್ಮೂರ ಸೊಸೈಟಿ, ಡೇರಿಗೆ ಹೋಗಿ ಸದಸ್ಯರ ಪಟ್ಟಿ ಕೇಳಿ. ಕೇರಿಯಲ್ಲಿ ಮನೆ ಎಷ್ಟು, ಪಟ್ಟಿಯಲ್ಲಿ ಹೆಸರು ಎಷ್ಟು ಅಂತ ಎಣಿಸಿ ಕಾಮೆಂಟಲ್ಲಿ ಹಾಕಿ. ಆ ಲೆಕ್ಕ ಹಿಡ್ಕೊಂಡೇ ಮುಂದಿನ ಮನವಿ ಬರೆಯೋಣ.

ಜೈಭೀಮ್.